ಕಂಪ್ಯೂಟರ್ ಗಡಿಯಾರ ತಿದ್ದುವ ಮೊದಲು, ಎಷ್ಟು ತಪ್ಪಿದೆ ಅಂತ ನೋಡಿ

ಕಂಪ್ಯೂಟರ್ ಆನ್ ಮಾಡಿದಾಗ ಮೂಲೆಯಲ್ಲಿ ತಪ್ಪು ಸಮಯ ಕಂಡರೆ ನಾವೆಲ್ಲ ಮಾಡುವುದು ಒಂದೇ. ಸೆಟ್ಟಿಂಗ್ಸ್‌ಗೆ ಹೋಗಿ ಕೈಯಾರೆ ಸರಿ ಮಾಡಿ ಕೆಲಸಕ್ಕೆ ಕೂರುತ್ತೇವೆ. ಮಾರನೇ ದಿನ ಮತ್ತೆ ಅದೇ ಕಥೆ. ಹೀಗೆ ತಿಂಗಳುಗಟ್ಟಲೆ ದಿನಾ ಬೆಳಿಗ್ಗೆ ಗಡಿಯಾರ ತಿದ್ದುವವರನ್ನು ನಾನು ನೋಡಿದ್ದೇನೆ. ಅವರಿಗೆಲ್ಲ ನಾನು ಹೇಳುವುದು ಇಷ್ಟೇ: ತಿದ್ದುವ ಮೊದಲು ಅರ್ಧ ನಿಮಿಷ ತಡೆಯಿರಿ. ಫೋನನ್ನು ಪಕ್ಕದಲ್ಲಿಟ್ಟುಕೊಂಡು ಎರಡರ ಸಮಯಕ್ಕೂ ವ್ಯತ್ಯಾಸ ಎಷ್ಟಿದೆ ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ತಾರೀಖು, ಇಸವಿ ಎರಡನ್ನೂ ನೋಡಿ. ತೊಂದರೆ ಎಲ್ಲಿದೆ ಅನ್ನುವುದಕ್ಕೆ ಸಿಗುವ ಒಳ್ಳೆಯ ಸುಳಿವು ಆ ವ್ಯತ್ಯಾಸವೇ. ತಿದ್ದಿದ ಕೂಡಲೇ ಅದು ಅಳಿಸಿಹೋಗುತ್ತದೆ.

ವರ್ಷಗಟ್ಟಲೆ ಹಿಂದಿರುವ ಗಡಿಯಾರ, ಸರಿಯಾಗಿ ಒಂದು ಗಂಟೆ ತಪ್ಪಿರುವ ಗಡಿಯಾರ, ಏಳು ನಿಮಿಷ ಹಿಂದೆ ಬಿದ್ದ ಗಡಿಯಾರ. ಮೂರಕ್ಕೂ ಕಾರಣ ಬೇರೆ, ಮದ್ದೂ ಬೇರೆ. ಇದು ಯಾಕೆ ಹೀಗೆ ಅಂತ ತಿಳಿಯಬೇಕಾದರೆ ಮೊದಲು ಒಂದು ವಿಷಯ ಗೊತ್ತಿರಬೇಕು. ನಿಮ್ಮ ಕಂಪ್ಯೂಟರಿನಲ್ಲಿ ಇರುವುದು ಒಂದು ಗಡಿಯಾರ ಅಲ್ಲ, ಎರಡು.

ಮೊದಲನೆಯದು ಮದರ್‌ಬೋರ್ಡ್, ಅಂದರೆ ಒಳಗಿನ ಮುಖ್ಯ ಸರ್ಕ್ಯೂಟ್ ಹಲಗೆಯ ಮೇಲಿರುತ್ತದೆ. ಆರ್‌ಟಿಸಿ ಅಂತಾರೆ, ಅಂದರೆ ರಿಯಲ್ ಟೈಮ್ ಕ್ಲಾಕ್. ಕಂಪ್ಯೂಟರ್ ಆಫ್ ಆಗಿದ್ದಾಗಲೂ ಇದು ಓಡುತ್ತಲೇ ಇರಬೇಕು, ಅದಕ್ಕಾಗಿಯೇ ಪಕ್ಕದಲ್ಲಿ ನಾಣ್ಯದಂಥ ಒಂದು ಸಣ್ಣ ಬ್ಯಾಟರಿ ಇರುತ್ತದೆ. ಈ ಗಡಿಯಾರದ ಎದೆಬಡಿತ ಒಂದು ಚಿಕ್ಕ ಕ್ವಾರ್ಟ್ಜ್ ಹರಳು. ಅದು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು ಅಂತ ನನಗೆ ತುಂಬಾ ದಿನ ಕುತೂಹಲ ಇತ್ತು. 2ನ್ನು 15 ಸಲ ಗುಣಿಸಿದರೆ ಬರುವ ಸಂಖ್ಯೆ ಇದು. ಅಂದರೆ ಈ ಕಂಪನವನ್ನು ಅರ್ಧ, ಅದರ ಅರ್ಧ ಅಂತ 15 ಸಲ ಇಳಿಸುತ್ತಾ ಹೋದರೆ ಕೊನೆಗೆ ಸೆಕೆಂಡಿಗೆ ಸರಿಯಾಗಿ ಒಂದೇ ಬಡಿತ ಉಳಿಯುತ್ತದೆ. ಅರ್ಧ ಮಾಡುವ ಸರ್ಕ್ಯೂಟ್ ತೀರಾ ಸರಳ, ಕರೆಂಟನ್ನೂ ಬಹಳ ಕಡಿಮೆ ಎಳೆಯುತ್ತದೆ. ಕೈಗಡಿಯಾರದಲ್ಲೂ ಸಾಮಾನ್ಯವಾಗಿ ಇರುವುದು ಇದೇ ಹರಳು.

ಎರಡನೆಯ ಗಡಿಯಾರ ಆಪರೇಟಿಂಗ್ ಸಿಸ್ಟಮ್‌ನದ್ದು. ವಿಂಡೋಸ್ ಆಗಲಿ ಲಿನಕ್ಸ್ ಆಗಲಿ, ಬೂಟ್ ಆಗುವಾಗ ಆರ್‌ಟಿಸಿಯನ್ನು "ಈಗ ಎಷ್ಟು ಗಂಟೆ?" ಅಂತ ಒಮ್ಮೆ ಕೇಳುತ್ತದೆ. ಆಮೇಲೆ ತನ್ನ ಪಾಡಿಗೆ ತಾನು ಪ್ರೊಸೆಸರಿನ ಟೈಮರುಗಳನ್ನು ನಂಬಿಕೊಂಡು ಎಣಿಸುತ್ತಾ ಹೋಗುತ್ತದೆ. ಮೂಲೆಯಲ್ಲಿ ನಿಮಗೆ ಕಾಣುವುದು ಈ ಎರಡನೆಯ ಗಡಿಯಾರ. ಇಂಟರ್‌ನೆಟ್ ಇದ್ದರೆ ನಡುನಡುವೆ ಹೊರಗಿನ ಸರ್ವರ್ ಒಂದನ್ನು ಕೇಳಿ ತನ್ನನ್ನು ತಾನು ತಿದ್ದಿಕೊಳ್ಳುತ್ತದೆ.

1981ರಲ್ಲಿ ಬಂದ ಮೊದಲ ಐಬಿಎಂ ಪಿಸಿಯಲ್ಲಿ ಬ್ಯಾಟರಿಯಿಂದ ಓಡುವ ಗಡಿಯಾರವೇ ಇರಲಿಲ್ಲ. ಪ್ರತಿ ಸಲ ಆನ್ ಮಾಡಿದಾಗಲೂ ಆಗಿನ ಆಪರೇಟಿಂಗ್ ಸಿಸ್ಟಮ್ ಡಾಸ್ ತಾರೀಖು ಕೇಳುತ್ತಿತ್ತು, ಸಮಯ ಕೇಳುತ್ತಿತ್ತು, ಕೂತವರು ಟೈಪ್ ಮಾಡಬೇಕಿತ್ತು. 1984ರ ಪಿಸಿ ಎಟಿಯಲ್ಲಿ ಮೋಟೊರೋಲಾದ ಎಂಸಿ146818 ಅನ್ನುವ ಚಿಪ್ ಬಂತು. ಬ್ಯಾಟರಿ ಬಲದಿಂದ ಸಮಯವನ್ನೂ ಕೆಲವು ಸೆಟ್ಟಿಂಗ್‌ಗಳನ್ನೂ ನೆನಪಿಟ್ಟುಕೊಳ್ಳುವ ಕೆಲಸ ಅದರದ್ದಾಯಿತು. ಆ ಚಿಪ್ ಸಿಮಾಸ್ ಅನ್ನುವ ಬಗೆಯದ್ದು. ಇವತ್ತಿಗೂ ಜನ ಆ ನಾಣ್ಯದ ಬ್ಯಾಟರಿಯನ್ನು ಸಿಮಾಸ್ ಬ್ಯಾಟರಿ ಅಂತಲೇ ಕರೆಯುವುದು ಆ ಕಾಲದ ರೂಢಿಯಿಂದ.

ಈಗ ಚೀಟಿಗೆ ಬರೋಣ.

ವ್ಯತ್ಯಾಸ ವರ್ಷಗಳಲ್ಲಿದ್ದರೆ, ಅಥವಾ ತಾರೀಖು ಯಾವುದೋ ಹಳೆಯ ಇಸವಿಯ ಜನವರಿ 1ಕ್ಕೆ ಹೋಗಿ ನಿಂತಿದ್ದರೆ, ಮೊದಲ ಅನುಮಾನ ಆ ನಾಣ್ಯದ ಬ್ಯಾಟರಿಯ ಮೇಲೆ. ನನ್ನ ಚಿಕ್ಕಪ್ಪ ಒಂದು ದಿನ ಫೋನ್ ಮಾಡಿ, "ಇಂಟರ್‌ನೆಟ್ ಕೆಟ್ಟಿದೆ ಕಣೋ, ಯಾವ ಸೈಟೂ ತೆಗೀತಿಲ್ಲ" ಅಂದರು. ಹೋಗಿ ನೋಡಿದರೆ ಇಂಟರ್‌ನೆಟ್ ಚೆನ್ನಾಗಿಯೇ ಇತ್ತು. ಬ್ರೌಸರ್ ಮಾತ್ರ ಪ್ರತಿ ಸೈಟಿಗೂ ಎಚ್ಚರಿಕೆಯ ಪುಟ ತೋರಿಸುತ್ತಿತ್ತು. ಕೆಳಗೆ ಮೂಲೆಯಲ್ಲಿ ನೋಡಿದೆ, ಇಸವಿ 2012.

ಗಡಿಯಾರಕ್ಕೂ ವೆಬ್‌ಸೈಟಿಗೂ ಏನು ಸಂಬಂಧ ಅಂತ ಅನಿಸುತ್ತದೆ ಅಲ್ವಾ? ಸುರಕ್ಷಿತ ಸೈಟುಗಳೆಲ್ಲ ತಮ್ಮ ಗುರುತಿಗೆ ಒಂದು ಸರ್ಟಿಫಿಕೇಟ್ ಇಟ್ಟುಕೊಂಡಿರುತ್ತವೆ. ಅದರಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ಮಾತ್ರ ಚಾಲ್ತಿ ಅಂತ ಬರೆದಿರುತ್ತದೆ. ಕಂಪ್ಯೂಟರ್ ತಾನು 2012ರಲ್ಲಿದ್ದೇನೆ ಅಂದುಕೊಂಡಿದ್ದರೆ ಈ ವರ್ಷದ ಸರ್ಟಿಫಿಕೇಟ್ ಅದರ ಪಾಲಿಗೆ ಇನ್ನೂ ಹುಟ್ಟಿಯೇ ಇಲ್ಲ. ಅದಕ್ಕೇ ಬ್ರೌಸರ್ ಬಾಗಿಲು ಹಾಕುತ್ತದೆ. ಹೀಗಾಗಿ ಎಲ್ಲ ಸೈಟೂ ಒಟ್ಟಿಗೆ ಕೈಕೊಟ್ಟರೆ ರೂಟರ್ ಮುಟ್ಟುವ ಮೊದಲು ತಾರೀಖು ನೋಡಿ. ಲಾಗಿನ್ ಆಗುವಾಗ ಫೋನ್ ಆ್ಯಪ್‌ನಲ್ಲಿ ಬರುವ ಆರು ಅಂಕಿಯ ಕೋಡೂ ಇದೇ ಜಾತಿಯದ್ದು. ಅದು ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಸಮಯದಿಂದಲೇ ಹುಟ್ಟುತ್ತದೆ. ಕೋಡ್ ಕೊಡುವ ಸಾಧನದ ಗಡಿಯಾರ ಒಂದೆರಡು ನಿಮಿಷ ಆಚೀಚೆ ಆಗಿದ್ದರೂ ಸಾಕು, ಎಷ್ಟು ಸಲ ಹಾಕಿದರೂ ಕೋಡ್ ತಪ್ಪು ಅಂತ ಬರುತ್ತದೆ.

ಚಿಕ್ಕಪ್ಪನನ್ನು ನಾನು ಕೇಳಿದ್ದು ಒಂದೇ ಪ್ರಶ್ನೆ: "ರಾತ್ರಿ ಗೋಡೆ ಸ್ವಿಚ್ಚೂ ಆಫ್ ಮಾಡ್ತೀರಾ?" ಹೌದು, ದಿನಾ ಮಲಗುವ ಮುಂಚೆ ಆರಿಸುತ್ತಾರಂತೆ. ಅಲ್ಲಿಗೆ ವಿಷಯ ಮುಕ್ಕಾಲು ಪಾಲು ಗೊತ್ತಾಯಿತು. ಡೆಸ್ಕ್‌ಟಾಪನ್ನು ಶಟ್‌ಡೌನ್ ಮಾಡಿದರೂ ಪ್ಲಗ್‌ನಲ್ಲಿ ಕರೆಂಟ್ ಇರುವವರೆಗೆ ಮದರ್‌ಬೋರ್ಡಿಗೆ ಸ್ವಲ್ಪ ವಿದ್ಯುತ್ ಹೋಗುತ್ತಲೇ ಇರುತ್ತದೆ. ಅಷ್ಟರಲ್ಲೇ ಆರ್‌ಟಿಸಿ ಓಡಿಕೊಂಡಿರುತ್ತದೆ. ಬ್ಯಾಟರಿ ಸತ್ತಿದ್ದರೂ ಯಾರಿಗೂ ಗೊತ್ತಾಗುವುದಿಲ್ಲ. ಸ್ವಿಚ್ ಆರಿಸಿದ ರಾತ್ರಿ ಮಾತ್ರ ಅದರ ಬಣ್ಣ ಬಯಲಾಗುತ್ತದೆ. ಹಾಗಾಗಿ ನಿಮ್ಮ ಗಡಿಯಾರ ಕೆಲವು ದಿನ ಸರಿ, ಕೆಲವು ದಿನ ತಪ್ಪು ಅಂತಿದ್ದರೆ, ತಪ್ಪಿದ ದಿನದ ಹಿಂದಿನ ರಾತ್ರಿ ಕರೆಂಟ್ ಹೋಗಿತ್ತಾ, ಪ್ಲಗ್ ಕಿತ್ತಿದ್ದಿರಾ ಅಂತ ನೆನಪು ಮಾಡಿಕೊಳ್ಳಿ.

ಬ್ಯಾಟರಿ ಪೂರ್ತಿ ಸತ್ತಿದ್ದರೆ ಆನ್ ಮಾಡುವಾಗ ಕಪ್ಪು ಪರದೆಯ ಮೇಲೆ ಸಿಮಾಸ್ ಚೆಕ್‌ಸಮ್ ಎರರ್ ಅಂತಲೋ, ಎಫ್1 ಒತ್ತಿ ಅಂತಲೋ ಬರಬಹುದು. ಅರೆಜೀವ ಆಗಿದ್ದರೆ ಏನೂ ಬರುವುದಿಲ್ಲ. ಗಡಿಯಾರ ರಾತ್ರಿ ಯಾವುದೋ ಹೊತ್ತಿಗೆ ನಿಂತುಹೋಗಿ ಬೆಳಿಗ್ಗೆ ಅಲ್ಲಿಂದಲೇ ಮುಂದುವರಿದಿರುತ್ತದೆ. ನೋಡಿದವರಿಗೆ ಕೆಲವು ಗಂಟೆ ಹಿಂದಿದೆ ಅಂತ ಕಾಣುತ್ತದೆ, ದಿನಕ್ಕೊಂದು ಲೆಕ್ಕದಲ್ಲಿ.

ಬ್ಯಾಟರಿ ಬದಲಿಸುವುದು ಕಷ್ಟದ ಕೆಲಸ ಏನಲ್ಲ, ಆದರೆ ಎರಡು ತಯಾರಿ ಬೇಕು. ವಿಂಡೋಸ್‌ಗಿಂತ ಮೊದಲು ಓಡುವ, ಮದರ್‌ಬೋರ್ಡಿನದೇ ಪ್ರೋಗ್ರಾಂ ಆದ ಬಯಾಸ್‌ನಲ್ಲಿರುವ ಸೆಟ್ಟಿಂಗ್‌ಗಳು ಫ್ಯಾಕ್ಟರಿ ಸ್ಥಿತಿಗೆ ಹೋಗಬಹುದು. ಆದ್ದರಿಂದ ಮೊದಲೇ ಬಯಾಸ್ ತೆರೆದು ಬೂಟ್ ಕ್ರಮ, ಡಿಸ್ಕ್ ಮೋಡ್ ಇರುವ ಪುಟಗಳ ಫೋಟೊ ಫೋನಿನಲ್ಲಿ ತೆಗೆದುಕೊಳ್ಳಿ. ಡಿಸ್ಕ್ ಮೋಡ್ ಬದಲಾದರೆ ವಿಂಡೋಸ್ ಬೂಟ್ ಆಗದೇ ಇರಬಹುದು, ಆಗ ಗಾಬರಿ ಬೇಡ, ಫೋಟೊ ನೋಡಿ ಮೊದಲಿನಂತೆ ಮಾಡಿದರೆ ಆಯಿತು. ಎರಡನೆಯದು, ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಹಾಕಿದ್ದರೆ ರಿಕವರಿ ಕೀ ಕೈಯಲ್ಲಿರಲಿ. ಬಯಾಸ್ ಬದಲಾದದ್ದು ಕಂಡರೆ ಅದು ಕೀ ಕೇಳುವ ಸಾಧ್ಯತೆ ಇದೆ.

ಆಮೇಲೆ ಶಟ್‌ಡೌನ್ ಮಾಡಿ, ಪ್ಲಗ್ ಕಿತ್ತು, ಪವರ್ ಬಟನ್ನನ್ನು ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ, ಒಳಗೆ ಉಳಿದ ಕರೆಂಟ್ ಇಳಿಯಲಿ. ಕವರ್ ತೆಗೆದು ಕ್ಯಾಬಿನೆಟ್ಟಿನ ಲೋಹದ ಭಾಗವನ್ನು ಒಮ್ಮೆ ಮುಟ್ಟಿ. ಹೆಚ್ಚಿನ ಡೆಸ್ಕ್‌ಟಾಪ್‌ಗಳಲ್ಲಿ ಇರುವುದು ಸಿಆರ್2032. ಹೆಸರಲ್ಲೇ ಅಳತೆ ಇದೆ, 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಅದರ ಹೋಲ್ಡರಿನ ಅಂಚಿನಲ್ಲಿ ಉಗುರಿನಷ್ಟು ದೊಡ್ಡ ಲೋಹದ ನಾಲಿಗೆ ಇರುತ್ತದೆ. ಬೆರಳಿಂದ ಅದನ್ನು ಹೊರಕ್ಕೆ ಸರಿಸಿದರೆ ಬ್ಯಾಟರಿ ಟಕ್ ಅಂತ ಮೇಲೇಳುತ್ತದೆ. ಸ್ಕ್ರೂಡ್ರೈವರ್ ತೂರಿಸಿ ಎಬ್ಬಿಸಬೇಡಿ, ಹೋಲ್ಡರ್ ಮುರಿದರೆ ಕೆಲಸ ಕೆಡುತ್ತದೆ. ಹೊಸದನ್ನು ಕೂರಿಸುವಾಗ ಅಕ್ಷರ ಮತ್ತು ಪ್ಲಸ್ ಗುರುತಿರುವ ಮುಖ ಕಾಣುವಂತಿರಲಿ.

ಚಿಕ್ಕಪ್ಪನ ಬ್ಯಾಟರಿಗೆ ಮಲ್ಟಿಮೀಟರ್ ಹಿಡಿದಾಗ 2.3 ವೋಲ್ಟ್ ತೋರಿಸಿತು. ಹೊಸದು 3ಕ್ಕಿಂತ ಸ್ವಲ್ಪ ಜಾಸ್ತಿಯೇ ತೋರಿಸುತ್ತದೆ. ತೆಗೆದ ಹಳೆಯದನ್ನು ಮೇಜಿನ ಮೇಲೆ ಬಿಟ್ಟು ಎದ್ದುಹೋಗಬೇಡಿ. ಚಿಕ್ಕ ಮಕ್ಕಳು ಇಂಥ ಬ್ಯಾಟರಿ ನುಂಗಿದರೆ ಎರಡೇ ಗಂಟೆಯಲ್ಲಿ ಗಂಟಲು, ಅನ್ನನಾಳ ಸುಟ್ಟಂತೆ ಗಾಯವಾಗಬಹುದು. ಕಂಪ್ಯೂಟರಿಗೆ ಸಾಕಾಗದಷ್ಟು ಇಳಿದ ಬ್ಯಾಟರಿಯೂ ಇಷ್ಟು ಹಾನಿ ಮಾಡಬಲ್ಲದು. ಟೇಪ್ ಸುತ್ತಿ ಕೈಗೆ ಸಿಗದ ಕಡೆ ಇಡಿ. ಲ್ಯಾಪ್‌ಟಾಪ್‌ಗಳಲ್ಲಿ ಈ ಬ್ಯಾಟರಿ ಎರಡು ವೈರಿನ ಜೊತೆ ಪ್ಲಾಸ್ಟಿಕ್ ಸುತ್ತಿಕೊಂಡು ಇರಬಹುದು, ಕೆಲವು ಹೊಸ ಮಾಡೆಲ್‌ಗಳಲ್ಲಿ ಇರುವುದೇ ಇಲ್ಲ, ಮುಖ್ಯ ಬ್ಯಾಟರಿಯೇ ಆ ಕೆಲಸವನ್ನೂ ಮಾಡುತ್ತದೆ.

ಇಲ್ಲೊಂದು ಕಡೆ ಜನ ಎಡವುತ್ತಾರೆ. ಬ್ಯಾಟರಿ ಹಾಕಿ ಆನ್ ಮಾಡಿ, ಇಂಟರ್‌ನೆಟ್ ಸರ್ವರಿನ ಸಮಯಕ್ಕೆ ಹೊಂದಿಸಲು ವಿಂಡೋಸ್‌ನಲ್ಲಿ ಸಿಂಕ್ ನೌ ಒತ್ತುತ್ತಾರೆ, ಆಗುವುದಿಲ್ಲ. ಬ್ಯಾಟರಿಯೇ ಸರಿ ಇಲ್ಲ ಅಂದುಕೊಳ್ಳುತ್ತಾರೆ. ಹೀಗೆ ಹೊಂದಿಸುವ ವಿಂಡೋಸ್ ಟೈಮ್ ಸೇವೆಗೆ ಒಂದು ಮಿತಿ ಇದೆ. ಮನೆಯಲ್ಲಿ ಬಳಸುವ ಸಾಮಾನ್ಯ ಕಂಪ್ಯೂಟರಿನಲ್ಲಿ ಅದು 54,000 ಸೆಕೆಂಡ್, ಅಂದರೆ 15 ಗಂಟೆ. ವ್ಯತ್ಯಾಸ ಅದಕ್ಕಿಂತ ಜಾಸ್ತಿ ಇದ್ದರೆ ಸರ್ವರ್ ಹೇಳಿದ್ದನ್ನು ಅದು ಒಪ್ಪುವುದಿಲ್ಲ. ಯಾವುದೋ ತಪ್ಪು ಸರ್ವರ್ ಹೇಳಿತು ಅಂತ ತಾರೀಖು ವರ್ಷಗಟ್ಟಲೆ ಜಿಗಿದರೆ ಅಪಾಯ ಅನ್ನುವ ಕಾಳಜಿ ಇದರ ಹಿಂದಿದೆ. ಲಿನಕ್ಸ್, ಯುನಿಕ್ಸ್ ಕಡೆ ಇದೇ ಕೆಲಸ ಮಾಡುವ ಹಳೆಯ ಎನ್‌ಟಿಪಿ ಪ್ರೋಗ್ರಾಂ ಇನ್ನೂ ಬಿಗಿ, 1,000 ಸೆಕೆಂಡ್ ಮೀರಿದರೆ ನಿಂತೇಬಿಡುತ್ತದೆ. ಆದ್ದರಿಂದ ಮೊದಲು ಕೈಯಿಂದ ಇಸವಿ, ತಾರೀಖು, ಗಂಟೆಯನ್ನು ಅಂದಾಜಿಗೆ ಸರಿ ಮಾಡಿ, ಆಮೇಲೆ ಸಿಂಕ್ ಒತ್ತಿ. ಉಳಿದ ನಿಮಿಷ, ಸೆಕೆಂಡನ್ನು ಅದು ನೋಡಿಕೊಳ್ಳುತ್ತದೆ.

ಇನ್ನು ನಿಮಿಷ ಸರಿಯಾಗಿದ್ದು ಗಂಟೆ ಮಾತ್ರ ತಪ್ಪಿದ್ದರೆ? ನಿಮ್ಮ ಚೀಟಿಯಲ್ಲಿ ಸರಿಯಾಗಿ 1 ಗಂಟೆ, 3 ಗಂಟೆ, ಐದೂವರೆ ಗಂಟೆ ಅಂತ ಇದ್ದರೆ ಬ್ಯಾಟರಿಯನ್ನು ಮುಟ್ಟಲೇಬೇಡಿ. ಗಡಿಯಾರ ಚೆನ್ನಾಗಿ ಓಡುತ್ತಿದೆ, ಅದನ್ನು ಓದುವ ರೀತಿ ತಪ್ಪಿದೆ. ಸತ್ತ ಬ್ಯಾಟರಿ ದಿನವೂ ಅಷ್ಟು ನೀಟಾಗಿ ತಪ್ಪುವುದಿಲ್ಲ.

ಟೈಮ್ ಝೋನ್ ಮೊದಲು ನೋಡಿ. ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್, ಟೈಮ್ ಅಂಡ್ ಲ್ಯಾಂಗ್ವೇಜ್, ಅಲ್ಲಿಂದ ಡೇಟ್ ಅಂಡ್ ಟೈಮ್. ಟೈಮ್ ಝೋನನ್ನು ತಾನಾಗಿಯೇ ಹೊಂದಿಸುವ ಆಯ್ಕೆ ಅಲ್ಲಿದೆ. ಅದು ನೀವಿರುವ ಜಾಗವನ್ನು ಊಹಿಸುತ್ತದೆ. ಬೇರೆ ಊರಿನ ಸರ್ವರ್ ಮೂಲಕ ಇಂಟರ್‌ನೆಟ್ ಬಳಸುವ ವಿಪಿಎನ್ ಹಾಕಿಕೊಂಡಿದ್ದರೆ ನೀವು ಬೇರೆ ದೇಶದಲ್ಲಿದ್ದೀರಿ ಅಂದುಕೊಳ್ಳಬಹುದು. ಒಂದೇ ಜಾಗದಲ್ಲಿ ಇರುವ ಕಂಪ್ಯೂಟರಿಗೆ ಆ ಆಯ್ಕೆ ಆಫ್ ಮಾಡಿ ಕೈಯಿಂದ ಆರಿಸುವುದೇ ವಾಸಿ ಅಂತ ನನ್ನ ಅಭಿಪ್ರಾಯ. ಸರಿಯಾಗಿ 1 ಗಂಟೆ ತಪ್ಪುವುದಕ್ಕೆ ಇನ್ನೊಂದು ಕಾರಣ ಬೇಸಿಗೆ ಸಮಯ. ಕೆಲವು ದೇಶಗಳು ವರ್ಷಕ್ಕೆರಡು ಸಲ ಗಡಿಯಾರ ಸರಿಸುತ್ತವೆ, ಆಗಾಗ ಆ ನಿಯಮವನ್ನೇ ಬದಲಿಸುತ್ತವೆ. ಅಪ್‌ಡೇಟ್ ಆಗದ ಹಳೆಯ ಸಿಸ್ಟಮ್ ಹಳೆಯ ನಿಯಮದಲ್ಲೇ ನಡೆಯುತ್ತದೆ. ಸರಿಯಾಗಿ 12 ಗಂಟೆ ತಪ್ಪಿದ್ದರೆ ಯಾರೋ ಕೈಯಿಂದ ಹಾಕುವಾಗ ಎಎಂ, ಪಿಎಂ ಅದಲುಬದಲು ಮಾಡಿರುತ್ತಾರೆ, ಅಷ್ಟೇ.

ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್, ಲಿನಕ್ಸ್ ಎರಡನ್ನೂ ಹಾಕಿಕೊಂಡವರ ಪಾಡು ಬೇರೆ. ಲಿನಕ್ಸ್ ಬಳಸಿ ವಿಂಡೋಸ್‌ಗೆ ಬಂದರೆ ಗಡಿಯಾರ ಹಿಂದೆ. ವಿಂಡೋಸ್‌ನಲ್ಲಿ ಸಮಯ ತಿದ್ದಿ ಲಿನಕ್ಸ್‌ಗೆ ಹೋದರೆ ಮುಂದೆ. ಎರಡೂ ಸರಿಯಾಗಿಯೇ ಇವೆ, ಒಪ್ಪಂದ ಇಲ್ಲ ಅಷ್ಟೇ. ವಿಂಡೋಸ್ ಆರ್‌ಟಿಸಿಯಲ್ಲಿ ಸ್ಥಳೀಯ ಸಮಯ ಬರೆದಿಡುತ್ತದೆ. ಲಿನಕ್ಸ್ ಯುಟಿಸಿ, ಅಂದರೆ ಇಡೀ ಜಗತ್ತಿಗೆ ಒಂದೇ ಆದ ಸಮಯ ಬರೆದಿಡುತ್ತದೆ. ಭಾರತದ ಸಮಯ ಯುಟಿಸಿಗಿಂತ 5 ಗಂಟೆ 30 ನಿಮಿಷ ಮುಂದೆ. ಈಗ ಬೆಳಿಗ್ಗೆ 10 ಗಂಟೆ ಅಂದುಕೊಳ್ಳಿ. ಲಿನಕ್ಸ್ ಆರ್‌ಟಿಸಿಯಲ್ಲಿ 4:30 ಅಂತ ಬರೆದು ಹೋಗುತ್ತದೆ. ವಿಂಡೋಸ್ ಬಂದು ಅದನ್ನೇ ಸ್ಥಳೀಯ ಸಮಯ ಅಂತ ಓದಿ ನಸುಕಿನ 4:30 ತೋರಿಸುತ್ತದೆ. ಮದ್ದು ಎರಡು. ಲಿನಕ್ಸ್‌ಗೆ ಸ್ಥಳೀಯ ಸಮಯವನ್ನೇ ಬಳಸು ಅಂತ ಹೇಳುವುದು ಒಂದು, ಒಂದೇ ಕಮಾಂಡಿನ ಕೆಲಸ. ವಿಂಡೋಸ್ ತನ್ನ ಒಳಗಿನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ರಿಯಲ್‌ಟೈಮ್‌ಈಸ್‌ಯುನಿವರ್ಸಲ್ ಅನ್ನುವ ಮೌಲ್ಯವನ್ನು 1 ಮಾಡಿ ಅದನ್ನೂ ಯುಟಿಸಿಗೆ ತರುವುದು ಇನ್ನೊಂದು. ನಾನು ಎರಡನೆಯದನ್ನೇ ಹೇಳುತ್ತೇನೆ. ಬೇಸಿಗೆ ಸಮಯ ಇರುವ ದೇಶಗಳಲ್ಲಿ ಸ್ಥಳೀಯ ಸಮಯ ಇಟ್ಟುಕೊಂಡರೆ ಎರಡೂ ಸಿಸ್ಟಮ್‌ಗಳು ತಲಾ ಒಂದು ಗಂಟೆ ಸರಿಸಿ ಹೊಸ ಗೊಂದಲ ಎಬ್ಬಿಸುತ್ತವೆ. ಯುಟಿಸಿಗೆ ಆ ಕಾಟ ಇಲ್ಲ.

ಚೀಟಿಯಲ್ಲಿ ಕೆಲವು ಸೆಕೆಂಡ್ ಅಥವಾ ಕೆಲವು ನಿಮಿಷ ಅಂತಿದ್ದರೆ, ಅದೂ ದಿನದಿಂದ ದಿನಕ್ಕೆ ಬೆಳೆಯುತ್ತಿದ್ದರೆ, ಗಡಿಯಾರ ಜಾರುತ್ತಿದೆ ಅಂತ ಅರ್ಥ. ಜಾರುವುದು ಸಹಜ. ಸಾಮಾನ್ಯ ಕ್ವಾರ್ಟ್ಜ್ ಹರಳು ಹತ್ತು ಲಕ್ಷಕ್ಕೆ 20 ಪಾಲು ಹೆಚ್ಚುಕಮ್ಮಿ ಇರಬಹುದು ಅಂತಲೇ ಮಾಡಿರುತ್ತಾರೆ. ಕೇಳಲು ಏನೂ ಅಲ್ಲ ಅನಿಸುತ್ತದೆ. ದಿನಕ್ಕೆ 86,400 ಸೆಕೆಂಡ್, ಅದರಲ್ಲಿ ಇದು ಸುಮಾರು 1.7 ಸೆಕೆಂಡ್. ತಿಂಗಳಿಗೆ ಸುಮಾರು 52 ಸೆಕೆಂಡ್. ವರ್ಷಕ್ಕೆ ಹತ್ತು ನಿಮಿಷ ದಾಟುತ್ತದೆ. ಈ ಹರಳು ಸುಮಾರು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅತಿ ವೇಗವಾಗಿ ಕಂಪಿಸುತ್ತದೆ, ಅದಕ್ಕಿಂತ ಬಿಸಿಯಾದರೂ ತಣ್ಣಗಾದರೂ ನಿಧಾನವಾಗುತ್ತದೆ. ಅಂದಮೇಲೆ ನಿಮ್ಮ ಕಂಪ್ಯೂಟರ್ ತಿಂಗಳಿಗೆ ಒಂದು ನಿಮಿಷ ಜಾರಿದರೆ ಅದಕ್ಕೆ ಏನೂ ಆಗಿಲ್ಲ, ಅದನ್ನು ತಿದ್ದಬೇಕಾದ ಇಂಟರ್‌ನೆಟ್ ಸಿಂಕ್ ನಿಂತಿದೆ.

ಆ ಸಿಂಕ್ ಮಾಡುವ ವಿಧಾನದ ಹೆಸರು ಎನ್‌ಟಿಪಿ. ಡೆಲವೇರ್ ವಿಶ್ವವಿದ್ಯಾಲಯದಲ್ಲಿದ್ದ ಡೇವಿಡ್ ಮಿಲ್ಸ್ ರೂಪಿಸಿದ್ದು, 1985ರಿಂದ ಬಳಕೆಯಲ್ಲಿದೆ. ಇದರ ಜಾಣ್ಮೆ ನನಗೆ ಬಹಳ ಇಷ್ಟ. ಸರ್ವರ್ "ಈಗ ಇಷ್ಟು ಗಂಟೆ" ಅಂತ ಹೇಳಿದ ಮಾತು ನಿಮ್ಮನ್ನು ಮುಟ್ಟುವಷ್ಟರಲ್ಲಿ ಹಳತಾಗಿರುತ್ತದೆ ಅಲ್ವಾ? ಅದಕ್ಕೆ ನಾಲ್ಕು ಕಡೆ ಸಮಯ ಬರೆದುಕೊಳ್ಳುತ್ತಾರೆ. ನಿಮ್ಮ ಗಡಿಯಾರದಲ್ಲಿ 0 ಸೆಕೆಂಡ್ ಇದ್ದಾಗ ಪ್ರಶ್ನೆ ಹೊರಟಿತು ಅನ್ನಿ. ಸರ್ವರಿಗೆ ತಲುಪಿದಾಗ ಅದರ ಗಡಿಯಾರದಲ್ಲಿ 5.05. ಉತ್ತರ ಹೊರಟಾಗ 5.06. ನಿಮಗೆ ಬಂದಾಗ ನಿಮ್ಮ ಗಡಿಯಾರದಲ್ಲಿ 0.11. ಹೋಗಿಬರಲು ಒಟ್ಟು 0.11, ಅದರಲ್ಲಿ 0.01 ಸರ್ವರ್ ಒಳಗೇ ಕಳೆಯಿತು, ದಾರಿಯಲ್ಲಿ ಕಳೆದದ್ದು 0.10. ಹೋಗುವುದಕ್ಕೆ ಅರ್ಧ, ಬರುವುದಕ್ಕೆ ಅರ್ಧ ಅಂತ ಹಿಡಿದರೆ ಪ್ರಶ್ನೆ ತಲುಪಿದಾಗ ನಿಮ್ಮ ಗಡಿಯಾರ 0.05ರಲ್ಲಿತ್ತು, ಸರ್ವರ್ 5.05ರಲ್ಲಿತ್ತು. ನೀವು ಸರಿಯಾಗಿ 5 ಸೆಕೆಂಡ್ ಹಿಂದೆ. ದಾರಿ ಎಷ್ಟೇ ದೂರ ಇದ್ದರೂ ಎರಡೂ ಕಡೆಗೆ ಒಂದೇ ಹೊತ್ತು ಹಿಡಿಯುವವರೆಗೆ ಲೆಕ್ಕ ತಪ್ಪುವುದಿಲ್ಲ.

ಸಿಂಕ್ ಆಗುತ್ತಿಲ್ಲ ಅಂದರೆ ಮೊದಲು ಸಮಯವನ್ನು ತಾನಾಗಿ ಹೊಂದಿಸುವ ಆಯ್ಕೆ ಆನ್ ಇದೆಯಾ ನೋಡಿ. ಆಮೇಲೆ ಸರ್ವೀಸಸ್ ಪಟ್ಟಿಯಲ್ಲಿ ವಿಂಡೋಸ್ ಟೈಮ್ ಓಡುತ್ತಿದೆಯಾ ನೋಡಿ. ಎರಡೂ ಸರಿ ಇದ್ದರೆ ಅನುಮಾನ ಫೈರ್‌ವಾಲ್ ಮೇಲೆ. ಎನ್‌ಟಿಪಿ ಓಡಾಡುವುದು ಯುಡಿಪಿ 123 ಅನ್ನುವ ಪೋರ್ಟಿನಲ್ಲಿ, ಕೆಲವು ನೆಟ್‌ವರ್ಕ್‌ಗಳು ಅದನ್ನು ಮುಚ್ಚಿರುತ್ತವೆ. ಇದನ್ನು ಪತ್ತೆಹಚ್ಚಲು ಸುಲಭದ ದಾರಿ ಅಂದರೆ ಫೋನಿನ ಹಾಟ್‌ಸ್ಪಾಟ್‌ಗೆ ಜೋಡಿಸಿ ಸಿಂಕ್ ಒತ್ತುವುದು. ಅಲ್ಲಿ ಆಗಿ ಇಲ್ಲಿ ಆಗದಿದ್ದರೆ ತೊಂದರೆ ನೆಟ್‌ವರ್ಕಿನದ್ದು. ಕಚೇರಿಯ ಕಂಪ್ಯೂಟರ್ ಆದರೆ ಸುಮ್ನೆ ಕೈ ಹಾಕಬೇಡಿ. ಡೊಮೈನ್‌ಗೆ, ಅಂದರೆ ಕಚೇರಿಯ ಒಂದೇ ಸರ್ವರ್ ನಿಯಂತ್ರಿಸುವ ಗುಂಪಿಗೆ ಸೇರಿದ ಕಂಪ್ಯೂಟರುಗಳು ಅಲ್ಲಿನ ಸರ್ವರಿನ ಸಮಯವನ್ನೇ ಅನುಸರಿಸುತ್ತವೆ, 5 ನಿಮಿಷಕ್ಕಿಂತ ಜಾಸ್ತಿ ತಪ್ಪಿದರೆ ಲಾಗಿನ್ ಆಗುವುದೇ ಕಷ್ಟವಾಗಬಹುದು. ಎಲ್ಲರ ಗಡಿಯಾರವೂ ಒಂದೇ ಅಳತೆಯಲ್ಲಿ ತಪ್ಪಿದ್ದರೆ ಆ ಸರ್ವರೇ ತಪ್ಪಿದೆ, ಅದನ್ನು ನೋಡಿಕೊಳ್ಳುವವರಿಗೆ ತಿಳಿಸಿ.

ಕಂಪ್ಯೂಟರ್ ಓಡುತ್ತಿರುವಾಗಲೇ, ನಿಮ್ಮ ಕಣ್ಣೆದುರೇ ನಿಮಿಷಗಟ್ಟಲೆ ಹಿಂದೆ ಬೀಳುತ್ತಿದ್ದರೆ ಬ್ಯಾಟರಿಗೆ ಅದರಲ್ಲಿ ಪಾತ್ರವೇ ಇಲ್ಲ. ಆ ಹೊತ್ತಿನಲ್ಲಿ ಎಣಿಸುತ್ತಿರುವುದು ಎರಡನೆಯ ಗಡಿಯಾರ, ನೆನಪಿದೆಯಲ್ಲ. ವರ್ಚುವಲ್ ಮಷೀನ್‌ಗಳಲ್ಲಿ, ಅಂದರೆ ಒಂದು ಕಂಪ್ಯೂಟರಿನ ಒಳಗೆ ಸಾಫ್ಟ್‌ವೇರ್ ಆಗಿ ಓಡುವ ಇನ್ನೊಂದು ಕಂಪ್ಯೂಟರಿನಲ್ಲಿ, ಇದು ಮಾಮೂಲು. ಮಷೀನನ್ನು ನಿಲ್ಲಿಸಿ ಮತ್ತೆ ಶುರು ಮಾಡಿದರೆ ನಡುವೆ ಕಳೆದ ಹೊತ್ತು ಅದಕ್ಕೆ ಗೊತ್ತಿರುವುದಿಲ್ಲ. ಒಳಗೆ ಹಾಕುವ ಗೆಸ್ಟ್ ಟೂಲ್‌ಗಳು ಅದನ್ನು ಸರಿದೂಗಿಸುತ್ತವೆ. ಅಂಗೈಯಗಲದ ಕಂಪ್ಯೂಟರ್ ರಾಸ್ಪ್‌ಬೆರಿ ಪೈ 4 ಮತ್ತು ಅದಕ್ಕಿಂತ ಹಳೆಯವುಗಳಲ್ಲಿ ಆರ್‌ಟಿಸಿಯೇ ಇಲ್ಲ, ಇಂಟರ್‌ನೆಟ್ ಸಿಗುವವರೆಗೆ ಅದು ತಪ್ಪು ಸಮಯ ತೋರಿಸಿದರೆ ಕೆಟ್ಟಿದೆ ಅಂದುಕೊಳ್ಳಬೇಡಿ.

ಬ್ಯಾಟರಿ ಬದಲಿಸಿದವರು ಕೊನೆಗೊಂದು ಪರೀಕ್ಷೆ ಮಾಡಲೇಬೇಕು. ವಿಂಡೋಸ್ ತೆರೆದು ನೋಡಿದರೆ ಸಾಲದು, ಅಷ್ಟರಲ್ಲಿ ಇಂಟರ್‌ನೆಟ್ ತಿದ್ದಿಬಿಟ್ಟಿರುತ್ತದೆ. ರಾತ್ರಿ ಪ್ಲಗ್ ಕಿತ್ತಿಡಿ. ಬೆಳಿಗ್ಗೆ ಆನ್ ಮಾಡಿ ನೇರವಾಗಿ ಬಯಾಸ್‌ಗೆ ಹೋಗಿ, ಅಲ್ಲಿ ಓಡುತ್ತಿರುವ ಸೆಕೆಂಡುಗಳನ್ನು ಫೋನಿನ ಜೊತೆ ಹೋಲಿಸಿ. ಚಿಕ್ಕಪ್ಪನ ಮನೆಯಲ್ಲಿ ಹಾಗೆ ನೋಡಿದಾಗ ಎರಡು ಸೆಕೆಂಡ್ ವ್ಯತ್ಯಾಸ ಇತ್ತು. ಅವರು ಅದನ್ನೂ ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಿದರು. ಹೊಸ ಬ್ಯಾಟರಿ ಹಾಕಿಯೂ ಬಯಾಸ್ ಸಮಯ ಒಂದು ರಾತ್ರಿಯಲ್ಲಿ ಗಂಟೆಗಟ್ಟಲೆ ತಪ್ಪಿದರೆ, ಹೋಲ್ಡರಿನ ಲೋಹದ ನಾಲಿಗೆ ಬ್ಯಾಟರಿಗೆ ಗಟ್ಟಿಯಾಗಿ ತಾಗುತ್ತಿದೆಯಾ ಅಂತ ಒಮ್ಮೆ ನೋಡಿ. ಅದೂ ಸರಿ ಇದ್ದರೆ ದೋಷ ಮದರ್‌ಬೋರ್ಡಿನದ್ದು. ಅಂಥ ಕಂಪ್ಯೂಟರನ್ನೂ ಎಸೆಯಬೇಕಿಲ್ಲ. ಪ್ಲಗ್‌ನಲ್ಲಿ ಕರೆಂಟ್ ಉಳಿಸಿ, ತಾನಾಗಿ ಸಿಂಕ್ ಆಗುವಂತೆ ಇಟ್ಟರೆ ದಿನದ ಕೆಲಸಕ್ಕೆ ತೊಂದರೆ ಇಲ್ಲದೆ ನಡೆಯುತ್ತದೆ.